ಚಪ್ಪಲಿ ತಿರುಗುವ ಮೊದಲು

ನಮ್ಮೂರಿನಲ್ಲಿ ನೆಂಟರಿಗೆ "ಇನ್ನು ಹೊರಡಿ" ಅಂತ ಯಾರೂ ಹೇಳುವುದಿಲ್ಲ. ಹೇಳುವ ಕೆಲಸವನ್ನು ಚಪ್ಪಲಿಗಳೇ ನೋಡಿಕೊಳ್ಳುತ್ತವೆ. ಬಂದವರು ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮೊದಲು ಮನೆಯ ಕಡೆ ಮುಖ ಮಾಡಿಕೊಂಡಿರುತ್ತದೆ. ಇದ್ದದ್ದು ಸಾಕು ಅನ್ನುವ ಹೊತ್ತಿಗೆ ಯಾರೂ ಮುಟ್ಟದೆ, ಸದ್ದಿಲ್ಲದೆ, ಬೀದಿಯ ಕಡೆ ತಿರುಗಿಕೊಳ್ಳುತ್ತದೆ. ಅಷ್ಟೇ. ನೆಂಟರು ಎದ್ದು "ಹೋಗಿ ಬರ್ತೀವಿ" ಅಂದು ಕಾಲಿಗೆ ಹಾಕಿಕೊಂಡು ಹೊರಡುತ್ತಾರೆ. ಮನೆಯವರು "ಅಯ್ಯೋ, ಇಷ್ಟು ಬೇಗ್ನೆ?" ಅನ್ನುತ್ತಾರೆ. ಅನ್ನದಿದ್ದರೆ ಚೆನ್ನಾಗಿರುವುದಿಲ್ಲವಲ್ಲ.

ಮದುವೆ ಮನೆಯಲ್ಲಿ ಇದನ್ನು ನೋಡಬೇಕು. ಕೊನೆಯ ಪಂಕ್ತಿಯ ಎಲೆ ಎತ್ತುವ ಹೊತ್ತಿಗೆ ಚಪ್ಪರದ ಮುಂದೆ ಇನ್ನೂರು ಜೊತೆ ಚಪ್ಪಲಿ ಸರಸರನೆ ತಿರುಗುತ್ತವೆ, ಎಲೆಅಡಿಕೆ ಜಗಿಯುತ್ತ ಹರಟೆ ಹೊಡೆಯುತ್ತಿದ್ದವರು ಬಾಯಿ ಒರೆಸಿಕೊಂಡು ಏಳುತ್ತಾರೆ. ಲೇಸು ಕಟ್ಟುವ ಬೂಟುಗಳು ಮಾತ್ರ ನಿಧಾನ. ಆಫೀಸರುಗಳು ಎಲ್ಲಿ ಹೋದರೂ ಸ್ವಲ್ಪ ಹೆಚ್ಚೇ ಕೂರುತ್ತಾರೆ. ಹೊಸ ಚಪ್ಪಲಿಗೆ ಕಾಲಿನ ಪರಿಚಯ ಆಗುವ ತನಕ ಈ ಬುದ್ಧಿ ಬರುವುದಿಲ್ಲ. ಅದಕ್ಕೇ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದ ನೆಂಟನನ್ನು ಕಂಡರೆ ನಮ್ಮ ಹೆಂಗಸರು ಒಂದು ಸಲ ಅಕ್ಕಿ ಡಬ್ಬ ಬಗ್ಗಿ ನೋಡುತ್ತಾರೆ. ಮನೆಯವರ ಚಪ್ಪಲಿ ಎಂದೂ ತಿರುಗುವುದಿಲ್ಲ. ಹೊಸ ಸೊಸೆಯದು ಒಂದೆರಡು ವಾರ ತಿರುಗಿ ತಿರುಗಿ ಒಂದು ದಿನ ನಿಂತುಬಿಡುತ್ತದೆ. ಆ ದಿನ ಅತ್ತೆ ಪಾಯಸ ಮಾಡುತ್ತಾಳೆ. ಅದೇ ಮದುವೆಯಾದ ಮಗಳು ತವರಿಗೆ ಬಂದಾಗ ಅವಳ ಚಪ್ಪಲಿ ನಾಲ್ಕನೆಯ ದಿನವೋ ಐದನೆಯ ದಿನವೋ ತಿರುಗುತ್ತದೆ. ಅದನ್ನು ಮೊದಲ ಸಲ ಕಂಡ ತಾಯಿ ಹಿತ್ತಿಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬರುತ್ತಾಳೆ.

ಇದರ ಸುತ್ತ ಒಂದಿಷ್ಟು ಮರ್ಯಾದೆಗಳಿವೆ. ಮನೆಯವರು ನೆಂಟರ ಚಪ್ಪಲಿಯನ್ನು ನೋಡಬಾರದು. ಕಣ್ಣಿಗೆ ಬಿದ್ದರೂ ಆ ಮಾತೆತ್ತಬಾರದು. ಬೀದಿಯವರೂ ಎತ್ತಬಾರದು. ಇನ್ನೊಬ್ಬರ ಚಪ್ಪಲಿಯನ್ನು ಕೈಯಿಂದ ತಿರುಗಿಸುವುದಂತೂ ಊಟದ ಎಲೆಯ ಮೇಲಿಂದ ಕದ್ದಷ್ಟೇ ಕೆಟ್ಟದ್ದು. ಹಾಗೆ ತಿರುಗಿಸಿದರೂ ಲಾಭವಿಲ್ಲ, ಆ ಒಂದು ದಿನಕ್ಕೆ ಸುಮ್ಮನಿದ್ದು ಮಾರನೆಯ ದಿನ ಮತ್ತೆ ತಿರುಗುತ್ತದೆ. ಇನ್ನೊಂದು ಮಾತು: ಒಬ್ಬರ ಮನೆಯಿಂದ ಬರಿಗಾಲಲ್ಲಿ ಬೀದಿಗಿಳಿಯಬಾರದು. ನಮ್ಮಲ್ಲಿ ಹೆಣದ ಹಿಂದೆ ಹೋಗುವವರು ಮಾತ್ರ ಹಾಗೆ ಇಳಿಯುತ್ತಾರೆ.

ನನ್ನ ಹೆಸರು ಚೆನ್ನಾಜಮ್ಮ. ಗಾಣದ ಬೀದಿಯ ಕೊನೆಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ, ಹಪ್ಪಳ ಒಣಗಿಸಲು ಮೇಲೊಂದು ತಾರಸಿ, ಇಷ್ಟು ನನ್ನ ಸಂಸಾರ. ಗಂಡ ಹೋಗಿ ಹದಿನಾರು ವರ್ಷವಾಯಿತು, ಮಕ್ಕಳಾಗಲಿಲ್ಲ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಮಾಡಿ ಬದುಕುತ್ತೇನೆ. ಊರಿನಲ್ಲಿ ನನಗೆ ಒಂದು ಹೆಸರಿತ್ತು, ಅದು ಹಪ್ಪಳದಿಂದ ಬಂದದ್ದಲ್ಲ. ಚೆನ್ನಾಜಮ್ಮನ ಚಪ್ಪಲಿ ತಿರುಗಿದ್ದನ್ನು ಕಂಡವರಿಲ್ಲ ಅಂತ ಜನ ಹೇಳುತ್ತಿದ್ದರು. ನಾನು ಯಾರ ಮನೆಗೆ ಹೋದರೂ ಚಪ್ಪಲಿಗಿಂತ ಮೊದಲು ಏಳುತ್ತಿದ್ದೆ. ಮನೆಯಾಕೆ ಎರಡನೆಯ ಸಲ ಒಲೆಯ ಕಡೆ ನೋಡಿದಳೋ, ಯಜಮಾನರು ಪಂಚೆ ಸರಿಮಾಡಿಕೊಂಡರೋ, ನಾನು ಎದ್ದೆ. "ಇನ್ನೂ ತಿರುಗೇ ಇಲ್ವಲ್ಲಮ್ಮ" ಅಂತ ಯಾರಾದರೂ ಬಾಯಿ ತಪ್ಪಿ ಅಂದರೆ, "ತಿರುಗೋವರ್ಗೂ ಯಾಕೆ ಕಾಯ್ಬೇಕು? ನನಗೇನು ಬುದ್ಧಿ ಕಾಲಲ್ಲಿದೆಯಾ?" ಅನ್ನುತ್ತಿದ್ದೆ. ಅಕ್ಕನ ಮಗಳು ನೀಲಾಂಬಿಕೆಗೆ ಚಿಕ್ಕಂದಿನಿಂದ ಇದನ್ನೇ ಹೇಳಿಕೊಟ್ಟೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುವ ಗಾದೆ ನನ್ನ ಮೇಲೇ ಬಂದು ಕೂರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ನೀಲಾಳಿಗೆ ತಾಯಿ ಇಲ್ಲ. ನಮ್ಮಕ್ಕ ಅವಳ ಮದುವೆಗೆ ಮೊದಲೇ ಹೋದಳು. ಅವಳ ಮೊದಲ ಹೆರಿಗೆಗೆ ಅತ್ತೆ ಕಡೆಯವರು ಯಾರೋ ಬಂದಿದ್ದರು. ಹನ್ನೊಂದನೆಯ ದಿನ ನೀಲ ಮಗುವಿಗೆ ನೀರು ಹಾಕುತ್ತಿದ್ದಾಗ ಅದು ಒಂದು ಸಲ ಬಿಕ್ಕಿ ಸುಮ್ಮನಾಯಿತು. ಹುಟ್ಟಿದಾಗಲೇ ಅದರ ಹೃದಯದಲ್ಲಿ ತೊಂದರೆ ಇತ್ತು ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಆದರೆ ಅವಳ ಕಾಲ ಮೇಲೆ ಮಲಗಿದ್ದ ಮಗು ಅವಳ ಕಾಲ ಮೇಲೇ ಹೋಯಿತು. ಡಾಕ್ಟರ ಮಾತು ಕಿವಿಗೆ ಹೋಗಬಹುದು, ಕಾಲಿಗೆ ಹೋಗುವುದಿಲ್ಲ. ಎರಡನೆಯ ಸಲ ಬಸುರಾದಾಗ ಅವಳು ನನ್ನ ಮನೆಗೆ ಬಂದು, "ಚಿಕ್ಕಮ್ಮ, ಈ ಸಲ ನೀನು ಬರದಿದ್ರೆ ನಾನು ಹೆರೋದೇ ಇಲ್ಲ" ಅಂದಳು. ಹೆರದೆ ಏನು ಮಾಡ್ತೀಯೇ ಅಂತ ನಾನು ನಕ್ಕೆ. ಅವಳು ನಗಲಿಲ್ಲ. ನಾನು ಕೋಣೆಗೆ ಬೀಗ ಹಾಕಿ, ಬಜೆ, ಸಾಂಬ್ರಾಣಿ, ಎರಡು ಸೇರು ಬೆಳ್ಳುಳ್ಳಿ ಕಟ್ಟಿಕೊಂಡು ಹೋದೆ.

ಅವಳ ಗಂಡ ಪಂಚಾಕ್ಷರಿ ನೀರುಗಂಟಿ. ಬೆಳಗಿನ ನಾಲ್ಕೂವರೆಗೆ ಎದ್ದು ಊರಿನ ಒಂದೊಂದು ಬೀದಿಯ ವಾಲ್ವು ತಿರುಗಿಸುತ್ತಾ ಹೋಗುವುದು ಅವರ ಕೆಲಸ. ಮಾತು ಕಮ್ಮಿ. ಮಾತಾಡಿದರೂ ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಂತು ಅನ್ನುವುದರ ಆಚೆಗೆ ಹೋಗುತ್ತಿರಲಿಲ್ಲ. ಚಿಕ್ಕ ಮನೆ. ಬಾಗಿಲಲ್ಲಿ ಕಾವಿ ಬಳಿದ ಒಂದು ಅಗಲ ಮೆಟ್ಟಿಲು, ಪಕ್ಕಕ್ಕೆ ಜಗಲಿ, ಒಳಗೆ ಒಂದು ಪಡಸಾಲೆ, ಒಂದು ಕೋಣೆ. ನನ್ನ ಹಳೆಯ ಚಪ್ಪಲಿಯನ್ನು ಆ ಮೆಟ್ಟಿಲ ಎಡಮೂಲೆಯಲ್ಲಿ ಬಿಟ್ಟು ಒಳಗೆ ಕಾಲಿಟ್ಟೆ.

ಮಗು ಹುಟ್ಟಿತು, ಹೆಣ್ಣು. ದುಂಡಗೆ, ಕುತ್ತಿಗೆಯೇ ಕಾಣದ ಹಾಗೆ ಇದ್ದಳು, ಬುಡ್ಡಿ ಅಂತ ಕರೆದೆವು. ನೀಲಾಳಿಗೆ ಎಣ್ಣೆ ನೀರು, ಮೆಣಸಿನ ಸಾರು, ಸೊಂಟಕ್ಕೆ ಬಟ್ಟೆ. ಬುಡ್ಡಿಗೆ ಎರಡು ಹೊತ್ತು ಸ್ನಾನ, ಸಾಂಬ್ರಾಣಿ ಹೊಗೆ, ದೃಷ್ಟಿಬೊಟ್ಟು. ಕಾಲು ಚಾಚಿ ಕೂತು ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ಯುವಾಗ ನನಗೆ ಆಗುತ್ತಿದ್ದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಐವತ್ತನಾಲ್ಕು ವರ್ಷಕ್ಕೆ ಮೊದಲ ಸಲ ನನ್ನ ಕಾಲಿಗೆ ಒಂದು ಕೆಲಸ ಸಿಕ್ಕಿತ್ತು. ನೀಲ ಬಚ್ಚಲಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ.

ಬಾಣಂತನಕ್ಕೆ ಮೂರು ತಿಂಗಳು ಅಂತ ನಮ್ಮ ಲೆಕ್ಕ. ಮೂರು ತಿಂಗಳು ತುಂಬಿದ ಮೂರನೆಯ ದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದೆ. ನನ್ನ ಚಪ್ಪಲಿ ಬೀದಿಯ ಕಡೆ ತಿರುಗಿ ಕೂತಿತ್ತು.

ಈಗ ಹೇಳುವುದನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನಾನು ಬೀದಿಯ ಆ ತುದಿ ನೋಡಿದೆ, ಈ ತುದಿ ನೋಡಿದೆ. ಪಂಚಾಕ್ಷರಿ ಅಷ್ಟು ಹೊತ್ತಿಗೆ ವಾಲ್ವಿನ ಹತ್ತಿರ ಹೋಗಿದ್ದರು. ಎದುರು ಮನೆಯ ಬಡಗಿ ಕೆಂಪಾಚಾರಿ ಇನ್ನೂ ಬಾಗಿಲು ತೆಗೆದಿರಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಒಂದು ಚಪ್ಪಲಿಯನ್ನು, ಆಮೇಲೆ ಇನ್ನೊಂದನ್ನು, ಮನೆಯ ಕಡೆ ತಿರುಗಿಸಿದೆ. ನಾಯಿ ಎಳೆದಿರಬೇಕು ಅಂದುಕೊಂಡೆ. ನಾಯಿ ಎಳೆದರೆ ಎರಡೂ ಅಷ್ಟು ಅಚ್ಚುಕಟ್ಟಾಗಿ ಜೋಡಿಯಾಗಿ ತಿರುಗುತ್ತವೆಯೇ? ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ನನಗೂ ವ್ಯತ್ಯಾಸವಿರಲಿಲ್ಲ. ಒಳಗೆ ಬುಡ್ಡಿ ಎದ್ದು ಅತ್ತಳು, ನಾನು ಬಕೆಟ್ಟು ಅಲ್ಲೇ ಬಿಟ್ಟು ಓಡಿದೆ.

ಅವತ್ತು ತಿಂಡಿಯ ಹೊತ್ತಿಗೆ ನೀಲ, "ಚಿಕ್ಕಮ್ಮ, ನಾಳೆಯಿಂದ ಬಾಗಿಲಿಗೆ ನೀರು ನಾನೇ ಹಾಕ್ತೀನಿ. ನೀನು ಮಗು ಹತ್ರ ಮಲಗಿರು" ಅಂದಳು. ಪರವಾಗಿಲ್ಲ, ಹುಡುಗಿಗೆ ಮೈಯಲ್ಲಿ ಶಕ್ತಿ ಬರುತ್ತಿದೆ ಅಂತ ಖುಷಿಪಟ್ಟೆ. ಮಾರನೆಯ ದಿನ ಹೆದರಿಕೊಂಡೇ ಬಾಗಿಲಿಗೆ ಬಂದೆ. ಚಪ್ಪಲಿ ಮನೆಯ ಕಡೆಯೇ ಇತ್ತು. ಅದರ ಮಾರನೆಯ ದಿನವೂ ಹಾಗೇ. ಒಂದು ವಾರ ಕಳೆದ ಮೇಲೆ ನನಗೆ ಧೈರ್ಯ ಬಂತು. ಆ ದಿನದ್ದು ನಾಯಿಯ ಕೆಲಸವೇ. ಈ ಮನೆಗೆ ನಾನು ಬೇಕು, ಚಪ್ಪಲಿಯೇ ಹೇಳುತ್ತಿದೆಯಲ್ಲ ಅಂದುಕೊಂಡೆ. ಇನ್ನೂ ಸ್ವಲ್ಪ ದಿನ ಹೋದ ಮೇಲೆ ಹೊಸ ಸೊಸೆಯ ಚಪ್ಪಲಿಯ ಹಾಗೆ ನನ್ನದೂ ಈ ಮನೆಯದೇ ಆಗಿಬಿಟ್ಟಿತು ಅಂತ ನಂಬಿದೆ.

ಹಾಗೆ ನಾಲ್ಕು ತಿಂಗಳು ಹೋಯಿತು. ಬುಡ್ಡಿ ಬೋರಲು ಬಿದ್ದಳು, ಅಂಬೆಗಾಲಿಗೆ ಹವಣಿಸಿದಳು, ಗೋಡೆಗೊರಗಿ ಕೂತಳು. ಅವಳು ಅತ್ತರೆ ಎದ್ದು ಹೋಗುವವಳು ನಾನು. ನೀಲಾಳ ಕೈ ಮುಂದೆ ಬರುವ ಮೊದಲೇ ನನ್ನ ಕೈ ಅಲ್ಲಿರುತ್ತಿತ್ತು. ಹಾಲು ಕುಡಿಸಲಿಕ್ಕೆ ಮಾತ್ರ ಮಗು ತಾಯಿಯ ಹತ್ತಿರ ಹೋಗುತ್ತಿತ್ತು, ಕುಡಿದು ಮುಗಿದ ಕೂಡಲೆ ನನ್ನ ಕಡೆ ಕತ್ತು ತಿರುಗಿಸುತ್ತಿತ್ತು. ನೀಲ ಎತ್ತಿಕೊಂಡರೆ ಅವಳ ತೋಳು ಕಟ್ಟಿಗೆಯ ಹಾಗೆ ಬಿಗಿಯುತ್ತಿತ್ತು, ಮಗು ಕಿರುಚುತ್ತಿತ್ತು. "ಕೊಡು ಇಲ್ಲಿ, ಪಾಪ" ಅನ್ನುತ್ತಿದ್ದೆ ನಾನು. ಎಷ್ಟು ಸಲ ಹಾಗೆ ಅಂದೆನೋ! ಅಂದಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು.

ಪಂಚಾಕ್ಷರಿ ಏಳು ತಿಂಗಳಿಂದ ಜಗಲಿಯ ಮೇಲೆ ಮಲಗುತ್ತಿದ್ದರು. ಕೋಣೆಯಲ್ಲಿ ನಾವು ಮೂರು ಜನ ಹೆಂಗಸರಿದ್ದೆವಲ್ಲ. ಸೊಳ್ಳೆ ಕಚ್ಚಿ ಅವರ ಕೈಕಾಲೆಲ್ಲ ದದ್ದು. ಒಂದು ದಿನ ನಾನೇ, "ಅಳಿಯಂದ್ರೆ, ಪಡಸಾಲೆಯಲ್ಲಾದ್ರೂ ಮಲ್ಗಬಾರ್ದಾ?" ಅಂದೆ. "ಇಲ್ಲೇ ಗಾಳಿ ಚೆನ್ನಾಗಿದೆ ಅತ್ತೆ" ಅಂದು ಸೊಳ್ಳೆ ಹೊಡೆದುಕೊಂಡರು. ಅವರ ತಲೆದಿಂಬಿನಿಂದ ನನ್ನ ಚಪ್ಪಲಿಗೆ ಮೂರು ಮಾರು. ಪ್ರತಿದಿನ ಅಲ್ಲಿ ಏನು ನಡೆಯುತ್ತಿತ್ತೋ ಅದನ್ನು ಆ ಪುಣ್ಯಾತ್ಮ ಕೆಲಸಕ್ಕೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ಕಣ್ಣಾರೆ ನೋಡುತ್ತಿದ್ದರು, ಬಾಯಿ ಬಿಡಲಿಲ್ಲ. ಮರ್ಯಾದಸ್ಥರ ಮನೆಯಲ್ಲಿ ನೆಂಟರಾಗಿರುವುದು ಕಷ್ಟ.

ಹೇಳಿದವರು ಎದುರು ಮನೆಯ ಕೆಂಪಾಚಾರಿ. ಅವರೂ ನೇರವಾಗಿ ಹೇಳಲಿಲ್ಲ. ಎಂಬತ್ತರ ಹತ್ತಿರದ ಮನುಷ್ಯ, ದಿನವಿಡೀ ತನ್ನ ಜಗಲಿಯ ಮೇಲೆ ಕೂತು ಬೀದಿ ನೋಡುವುದೇ ಕೆಲಸ. ನಾನು ಬುಡ್ಡಿಯನ್ನು ಎಳೆಬಿಸಿಲಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ.

"ಚೆನ್ನಾಜಮ್ನೋರೆ, ಆ ಮೆಟ್ಲಿಗೆ ಹೊಸದಾಗಿ ಕಾವಿ ಹಾಕಿಸ್ಬೇಕು ನೋಡಿ. ಒಂದ್ ಕಡೆ ಪೂರ್ತಿ ಸವೆದೋಗಿದೆ" ಅಂದರು.

"ಎಲ್ಲಿ ಆಚಾರ್ರೆ? ಯಾರು ಅಷ್ಟು ತುಳೀತಾರೆ ಈ ಮನೇಲಿ?"

"ತುಳಿದು ಸವೆದದ್ದಲ್ಲ ತಾಯಿ. ತುಳಿದು ಸವೆದ್ರೆ ಉದ್ದಕ್ಕೆ ಸವೀತದೆ. ನಾನು ಮರ ಕೆತ್ತಿದೋನು, ಸವೆತ ನನಗೆ ಗೊತ್ತಾಯ್ತದೆ. ಇದು ದುಂಡಗೆ ಸವೆದಿದೆ." ಅಷ್ಟು ಹೇಳಿ ಅವರು ಆಕಾಶ ನೋಡತೊಡಗಿದರು.

ನಾನು ಬಗ್ಗಿ ಚಪ್ಪಲಿ ಪಕ್ಕಕ್ಕೆ ಸರಿಸಿದೆ. ಏಳು ತಿಂಗಳಿಂದ ನಾನು ಆ ಮನೆಯಿಂದ ಹೊರಗೆ ಹೋಗಿರಲಿಲ್ಲ, ಚಪ್ಪಲಿ ಒಂದೇ ಜಾಗದಲ್ಲಿತ್ತು. ಅದರ ಕೆಳಗೆ ಕೆಂಪು ಕಾವಿಯಲ್ಲಿ ರೊಟ್ಟಿಯಗಲ ದುಂಡಗೆ ಬಿಳಿಚಿಕೊಂಡಿತ್ತು. ಒಂದು ಸಲ ತಿರುಗಿದರೆ ಅಂಥ ಗುರುತು ಬೀಳುವುದಿಲ್ಲ. ನೂರು ಸಲ ಆಚೆ ತಿರುಗಬೇಕು, ನೂರು ಸಲ ಯಾರೋ ಈಚೆ ತಿರುಗಿಸಬೇಕು. ನನಗೆ ಕಿವಿಯವರೆಗೂ ಬಿಸಿಯೇರಿತು. ಕೆಂಪಾಚಾರಿಗೆ ಗೊತ್ತಿತ್ತು ಅಂದರೆ ಹಾಲು ಹಾಕುವವಳಿಗೂ ಗೊತ್ತಿತ್ತು, ಇಡೀ ಬೀದಿಗೆ ಗೊತ್ತಿತ್ತು. ಚಪ್ಪಲಿ ತಿರುಗಿದ್ದನ್ನು ಯಾರೂ ಕಾಣದ ಚೆನ್ನಾಜಮ್ಮನ ಚಪ್ಪಲಿಯನ್ನು ಊರೆಲ್ಲ ನಾಲ್ಕು ತಿಂಗಳಿಂದ ಕಂಡಿತ್ತು. ಕಾಣದವಳು ನಾನೊಬ್ಬಳೇ.

ಮಾರನೆಯ ದಿನ ಬೆಳಗಿನ ಜಾವ ನೀಲ ಏಳುವಾಗ ನಾನು ನಿದ್ದೆ ಬಂದವಳಂತೆ ಬಿದ್ದಿದ್ದೆ. ಅವಳು ಬಕೆಟ್ಟು ಹಿಡಿದು ಹೊರಗೆ ಹೋದ ಮೇಲೆ ಬಾಗಿಲ ಹಿಂದೆ ಬಂದು ನಿಂತೆ. ಅವಳು ಬಕೆಟ್ಟು ಕೆಳಗಿಟ್ಟು, ಮೆಟ್ಟಿಲ ಮೇಲೆ ಮಂಡಿಯೂರಿ, ಬೀದಿಯ ಕಡೆ ತಿರುಗಿದ್ದ ನನ್ನ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮನೆಯ ಕಡೆ ತಿರುಗಿಸಿದಳು. ಸೆರಗಿನಿಂದ ಧೂಳು ಒರೆಸಿದಳು. ಆ ಧೂಳು ಒರೆಸಿದ್ದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು, ಬರೀ ನಾಚಿಕೆ ಉಳಿಯಿತು.

"ಎಷ್ಟು ದಿನದಿಂದ ನಡೀತಿದೆ ಇದು?" ಅಂದೆ.

ಅವಳು ಬೆಚ್ಚಿ ಎದ್ದಳು. "ನೀನು ತಿರುಗಿಸಿದ ಮಾರನೇ ದಿನದಿಂದ" ಅಂದಳು.

"ನಾನು?"

"ಕಿಟಕಿಯಿಂದ ನೋಡ್ದೆ ಚಿಕ್ಕಮ್ಮ. ನೀನು ಕಾಲಲ್ಲಿ ತಿರುಗಿಸ್ತಿದ್ದೆ. ನಿನಗೂ ಇಲ್ಲೇ ಇರ್ಬೇಕು ಅಂತ ಆಸೆ ಇದೆ ಅನ್ನಿಸ್ತು. ನಿನಗೂ ಬೇಕು, ನನಗೂ ಬೇಕು, ಇಬ್ರಿಗೂ ಬೇಕಾದ ಮೇಲೆ ಇದ್ಯಾವ ಚಪ್ಪಲಿ ಮಧ್ಯೆ ಬಂದು ಹೇಳೋಕೆ?"

ನಾನು ಮೆಟ್ಟಿಲ ಮೇಲೆ ಕೂತೆ. ಬೇಡದ ನೆಂಟರಿಗೆ ಚಪ್ಪಲಿ ತಿರುಗುತ್ತದೆ ಅಂತ ನಾನೂ ಎಲ್ಲರ ಹಾಗೆ ತಿಳಿದಿದ್ದೆ. ಅಷ್ಟರಲ್ಲಿ ಒಳಗೆ ಬುಡ್ಡಿ ಅತ್ತಳು. ನಾನು ತಟ್ಟನೆ ಎದ್ದೆ. ನೀಲ ಅಲ್ಲಾಡಲಿಲ್ಲ. ಮಗು ಅಳುತ್ತಿದೆ, ಹೆತ್ತವಳು ಬಕೆಟ್ಟಿನ ಪಕ್ಕ ನಿಂತು ನನ್ನ ಮುಖ ನೋಡುತ್ತಿದ್ದಾಳೆ, ನಾನು ಯಾವಾಗ ಹೋಗಿ ಎತ್ತಿಕೊಳ್ಳುತ್ತೇನೆ ಅಂತ ಕಾಯುತ್ತಿದ್ದಾಳೆ. ಅವಳ ಪ್ರಶ್ನೆಗೆ ಉತ್ತರ ಅಲ್ಲೇ ನಿಂತಿತ್ತು.

"ಹೋಗು, ಎತ್ಕೋ" ಅಂದೆ.

"ನೀನು ಎತ್ಕೋ ಚಿಕ್ಕಮ್ಮ. ನನ್ನ ಹತ್ರ ಸುಮ್ಮನಾಗಲ್ಲ ಅವ್ಳು."

"ಸುಮ್ಮನಾಗೋವರ್ಗೂ ಎತ್ಕೊಂಡಿರು. ನಾನು ಇವತ್ತು ಎಲ್ಲಾ ಕಟ್ಕೊಂಡು, ನಾಳೆ ಬೆಳಿಗ್ಗೆ ಮನೆಗೆ ಹೋಗ್ತೀನಿ ನೀಲ."

ಅವಳು ಅತ್ತಳು, ಬೇಡಿದಳು. "ಅಮ್ಮ ಇದ್ದಿದ್ರೆ ಹೋಗ್ತಿದ್ಲಾ?" ಅಂದಳು. ಆ ಮಾತು ನೋಯಿಸಿತು. "ನಿಮ್ಮಮ್ಮ ಇದ್ದಿದ್ರೆ ಮೂರನೇ ತಿಂಗಳಿಗೇ ನನ್ನ ಕಿವಿ ಹಿಂಡಿ ಕಳಿಸಿರೋಳು" ಅಂದೆ. ಅದು ನಿಜ. ನಮ್ಮಕ್ಕ ಅಂಥವಳೇ.

ಅವತ್ತು ಮಧ್ಯಾಹ್ನ ನೀರು ಕಾಯಿಸಿ, ಬಚ್ಚಲಲ್ಲಿ ಮಣೆ ಹಾಕಿ, ನೀಲಾಳನ್ನು ಕೂರಿಸಿದೆ. ಕಾಲು ಚಾಚು ಅಂದೆ. ಚಾಚಿದಳು. ಬುಡ್ಡಿಯನ್ನು ಅವಳ ಕಾಲ ಮೇಲೆ ಮಲಗಿಸಿದೆ. ನೀಲಾಳ ಮೊಣಕಾಲು ನಡುಗುತ್ತಿತ್ತು, ಮಗುವಿನ ತಲೆಯೂ ಅದರ ಜೊತೆ ನಡುಗುತ್ತಿತ್ತು. ಚೊಂಬು ಎತ್ತಿದವಳು ಎತ್ತಿದ ಹಾಗೇ ಹಿಡಿದುಕೊಂಡು ಕೂತಳು. ಮಗು ಕಿರುಚಿತು. "ಆಗಲ್ಲ ಚಿಕ್ಕಮ್ಮ, ಆಗಲ್ಲ, ತಗೋ, ತಗೋ" ಅಂತ ಅವಳೂ ಕಿರುಚಿದಳು. ನನ್ನ ಕೈ ಮುಂದೆ ಹೋಗಿಬಿಟ್ಟಿತ್ತು. ತಗೊಂಡೆ. ನಾನೇ ನೀರು ಹಾಕಿ ಮುಗಿಸಿದೆ. ನಾನು ಆ ಬಚ್ಚಲಮನೆಯ ಬಾಗಿಲಲ್ಲಿ ಇರುವವರೆಗೂ ಅವಳು ಆ ಚೊಂಬು ಬಗ್ಗಿಸುವುದಿಲ್ಲ, ನನ್ನ ಕೈಯೂ ಸುಮ್ಮನಿರುವುದಿಲ್ಲ ಅಂತ ಅವತ್ತು ಖಾತ್ರಿಯಾಯಿತು.

ಮಾರನೆಯ ದಿನ ತಿಂಡಿ ಮುಗಿಸಿ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದರೆ ಮೆಟ್ಟಿಲ ಮೇಲೆ ಚಪ್ಪಲಿ ಇಲ್ಲ. ಬಿಳಿಯ ದುಂಡು ಗುರುತು ಮಾತ್ರ ಇತ್ತು. ನೀಲ ಪಡಸಾಲೆಯಲ್ಲಿ ನಿಂತಿದ್ದಳು, ಕಣ್ಣು ಊದಿತ್ತು, ಆದರೆ ಮುಖದಲ್ಲಿ ಒಂದು ಹಟ. ಚಿಕ್ಕವಳಿದ್ದಾಗ ನನ್ನ ಸಂಡಿಗೆ ಹಿಟ್ಟು ಕದ್ದು ತಿಂದು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದಳಲ್ಲ, ಅದೇ ಮುಖ.

"ಎಲ್ಲಿಟ್ಟಿದೀಯ?"

"ಹೇಳಲ್ಲ. ಬರಿಗಾಲಲ್ಲಿ ಹೆಂಗೆ ಹೋಗ್ತೀಯ ನೋಡೋಣ."

ಪಂಚಾಕ್ಷರಿ ಆಗ ತಾನೆ ಕೆಲಸ ಮುಗಿಸಿ ಬಂದು ಜಗಲಿಯ ಮೇಲೆ ಕೂತಿದ್ದರು. ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಚಪ್ಪಲಿ ಕಳಚಿ ನನ್ನ ಮುಂದೆ ಇಟ್ಟರು. "ಹಾಕ್ಕೊಳ್ಳಿ ಅತ್ತೆ" ಅಂದರು. ದೋಣಿಯಂಥ ಚಪ್ಪಲಿ, ನನ್ನ ಎರಡೂ ಕಾಲು ಒಂದರಲ್ಲೇ ಹಿಡಿಸುತ್ತಿದ್ದವು. ಆ ಪಾಪದ ಮನುಷ್ಯ ಏಳು ತಿಂಗಳಲ್ಲಿ ಮೊದಲ ಸಲ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದು ಹಾಗೆ. ನನಗೆ ನಗು ಬಂತು, ಅಳುವೂ ಬಂತು. "ಬೇಡಿ ಅಳಿಯಂದ್ರೆ. ನಿಮ್ಮ ಮನೆ ಚಪ್ಪಲಿ ನಿಮ್ಮ ಮನೇಲೇ ಇರ್ಲಿ" ಅಂದೆ. ಬುಡ್ಡಿ ಪಡಸಾಲೆಯ ಚಾಪೆಯ ಮೇಲೆ ಕೂತಿತ್ತು. ನನ್ನನ್ನು ನೋಡಿ ಎರಡೂ ಕೈ ಚಾಚಿತು. ಮುಟ್ಟಿದ್ದರೆ ನಾನು ಹೋಗುತ್ತಿರಲಿಲ್ಲ. ಮುಟ್ಟಲಿಲ್ಲ. "ಬರ್ತೀನಿ" ಅಂದು ಮೆಟ್ಟಿಲಿಳಿದೆ, ಬರಿಗಾಲಲ್ಲಿ.

ಹಿಂದೆ ಮಗು ಅಳುವ ಸದ್ದು ಬಂತು. ಬೀದಿ ಬಿಸಿಲಿಗೆ ಆಗಲೇ ಕಾದಿತ್ತು. ನನ್ನ ಕಾಲು ನೋಡಿ ಸೊಪ್ಪಿನವಳು ಬುಟ್ಟಿ ಕೆಳಗಿಟ್ಟು ಕೈಮುಗಿದಳು. ಕ್ಷೌರದ ಅಂಗಡಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದವನು ಎದ್ದು ನಿಂತ. ಯಾರೋ "ಯಾವಾಗ ಹೋಯ್ತಂತೆ?" ಅಂತ ಪಿಸುಗುಟ್ಟಿದರು. ನಾನು ಬೀದಿಯ ನಡುವೆ ನಿಂತು ಗಟ್ಟಿಯಾಗಿ ಹೇಳಿದೆ: "ಯಾರೂ ಸತ್ತಿಲ್ಲ ಕಣ್ರಪ್ಪ. ಎಲ್ರೂ ಚೆನ್ನಾಗಿದಾರೆ. ನಾಲ್ಕು ತಿಂಗಳ ಹಿಂದೆ ಏಳ್ಬೇಕಾಗಿತ್ತು, ಇವತ್ತು ಎದ್ದಿದೀನಿ. ಹೋಗಿ, ನಿಮ್ಮ ನಿಮ್ಮ ಕೆಲ್ಸ ನೋಡ್ಕೊಳ್ಳಿ." ಕೆಂಪಾಚಾರಿ ತಮ್ಮ ಜಗಲಿಯಿಂದ ನನ್ನ ಹಿಂದೆಯೇ ನೋಡುತ್ತಿದ್ದರು. ಗಾಣದ ಬೀದಿಗೆ ಬರುವಷ್ಟರಲ್ಲಿ ನನ್ನ ಅಂಗಾಲಿಗೆ ಬೊಬ್ಬೆ ಬಂದಿತ್ತು.

ಬೀಗ ತೆಗೆದರೆ ಜೇಡರ ಬಲೆ, ಇರುವೆ ಗೂಡು, ಹಿಟ್ಟಿನ ಡಬ್ಬದಲ್ಲಿ ಹುಳ. ಒಂದೇ ಸಮನೆ ಗುಡಿಸಿದೆ. ಮಾರನೆಯ ದಿನ ಉದ್ದಿನಬೇಳೆ ತಂದು ಹಪ್ಪಳಕ್ಕೆ ಹಾಕಿದೆ. ಲಟ್ಟಣಿಗೆ ಹಿಡಿದರೆ ಕೈ ಬುಡ್ಡಿಯ ಬೆನ್ನು ನೆನೆಯುತ್ತಿತ್ತು. ತಾರಸಿಯ ಮೇಲಿಂದ ಯಾವ ಮಗುವಿನ ಅಳು ಕೇಳಿದರೂ ಅದು ಅವಳದೇ ಅನ್ನಿಸುತ್ತಿತ್ತು. ಒಂದು ಸಲ ಹಪ್ಪಳ ಹಾಗೇ ಬಿಟ್ಟು ಗಾಣದ ಬೀದಿ ದಾಟಿ ಅರ್ಧ ದಾರಿ ಹೋಗಿಬಿಟ್ಟಿದ್ದೆ. ಸುಮ್ಮನೆ ಕಿಟಕಿಯಿಂದ ನೋಡಿ ಬರುತ್ತೇನೆ ಅಂತ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆ ಕಿಟಕಿಯ ಆಸೆ ಎಲ್ಲಿಗೆ ಮುಟ್ಟುತ್ತದೆ ಅಂತ ನನಗೇ ಗೊತ್ತಿತ್ತು. ಅರಳಿಕಟ್ಟೆಯ ಹತ್ತಿರ ನಿಂತು, ನನ್ನನ್ನು ನಾನೇ ಬೈದುಕೊಂಡು ಹಿಂದಕ್ಕೆ ಬಂದೆ. ಕಾಗೆ ಎರಡು ಸಾಲು ಹಪ್ಪಳ ತಿಂದಿತ್ತು.

ಆರನೆಯ ದಿನ ಪಂಚಾಕ್ಷರಿ ನಮ್ಮ ಬೀದಿಯ ವಾಲ್ವು ತಿರುಗಿಸಲು ಬಂದರು. ನಾನು ಕೊಡ ಹಿಡಿದು ನಿಂತಿದ್ದೆ. ಮಗು ಹೇಗಿದೆ ಅಂತ ಕೇಳಲು ಬಾಯಿ ತೆರೆದವಳು ಕೊಡವನ್ನು ನಲ್ಲಿಯ ಕೆಳಗಿಟ್ಟೆ. ಅವರು ವಾಲ್ವಿನ ಗುಂಡಿಯ ಮುಚ್ಚಳ ಹಾಕಿ, "ಇವತ್ತು ನೀರು ಮುಕ್ಕಾಲು ಗಂಟೆ ಬರುತ್ತೆ ಅತ್ತೆ" ಅಂದರು. ಆಮೇಲೆ ನಾಲ್ಕು ಹೆಜ್ಜೆ ಹೋಗಿ ನಿಂತು, "ಮೊದಲ ಮೂರು ದಿನ ಇಬ್ರೂ ಅತ್ರು" ಅಂದರು. ನಾಲ್ಕನೆಯ ದಿನದ ಸುದ್ದಿ ಹೇಳದೆ ಹೋದರು. ಆದರೆ ಅವರ ಕೈಯ ಮೇಲೆ ಸೊಳ್ಳೆಯ ದದ್ದು ಒಂದೂ ಇರಲಿಲ್ಲ.

ಹನ್ನೆರಡನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ನೀಲ ಬಂದಳು. ಸೊಂಟದ ಮೇಲೆ ಬುಡ್ಡಿ, ಇನ್ನೊಂದು ಕೈಯಲ್ಲಿ ಕಾಗದದ ಪೊಟ್ಟಣ. ಪೊಟ್ಟಣ ಬಿಚ್ಚಿ ನನ್ನ ಚಪ್ಪಲಿಗಳನ್ನು ನನ್ನ ಬಾಗಿಲಲ್ಲಿ, ಮನೆಯ ಕಡೆ ಮುಖ ಮಾಡಿ ಜೋಡಿಸಿಟ್ಟಳು. "ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೆ" ಅಂದಳು. "ಅದಕ್ಕೇ ಹನ್ನೆರಡು ದಿನದಿಂದ ಅನ್ನ ಹಂಗಿದೆಯಾ ಅಂತ ಅಳಿಯಂದ್ರು ಕೇಳ್ಲಿಲ್ವಾ?" ಅಂದೆ. ಅವಳು ನಕ್ಕಳು. ತನ್ನ ಚಪ್ಪಲಿಯನ್ನು ನನ್ನದರ ಪಕ್ಕ ಬಿಟ್ಟು ಒಳಗೆ ಬಂದಳು.

ಹಪ್ಪಳ ಸುಟ್ಟುಕೊಟ್ಟೆ, ಕಾಫಿ ಮಾಡಿದೆ. ಬುಡ್ಡಿ ನನ್ನನ್ನು ಗುರುತು ಹಿಡಿದು ಕೈ ಚಾಚಿತು, ಎತ್ತಿಕೊಂಡೆ, ಕೆನ್ನೆಗೆ ಕೆನ್ನೆ ಇಟ್ಟೆ. ಸ್ವಲ್ಪ ಹೊತ್ತಿಗೆ ಅದಕ್ಕೆ ಹಸಿವೋ ನಿದ್ದೆಯೋ, ಅಳು ಶುರುವಾಯಿತು. ನಾನು ಭುಜಕ್ಕೆ ಹಾಕಿಕೊಂಡು ತಟ್ಟುವಷ್ಟರಲ್ಲಿ ನೀಲ ಎದ್ದು ಬಂದು, "ಕೊಡು ಇಲ್ಲಿ" ಅಂದಳು. ನಾಲ್ಕು ತಿಂಗಳು ನಾನು ಅಂದ ಮಾತು. ಕೊಟ್ಟೆ. ಮಗು ಅವಳ ಕತ್ತಿನಲ್ಲಿ ಮುಖ ಹುದುಗಿಸಿ ಎರಡು ಸಲ ಬಿಕ್ಕಿ ಸುಮ್ಮನಾಯಿತು. ಆ ಬಿಕ್ಕು ಕೇಳಿ ನೀಲ ಬೆಚ್ಚಲಿಲ್ಲ. ನನಗೆ ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆ ನೋವಿನ ಜೊತೆಗೇ ಇಷ್ಟು ಸಮಾಧಾನವೂ ಇರಬಹುದು ಅಂತ ನಾನು ಎಣಿಸಿರಲಿಲ್ಲ.

"ನಾಲ್ಕನೇ ದಿನ ನಾನೇ ನೀರು ಹಾಕ್ದೆ ಚಿಕ್ಕಮ್ಮ" ಅಂದಳು. "ಕಾಲು ನಡುಗ್ತಾನೇ ಇತ್ತು. ನಡುಗ್ತಾನೇ ಹಾಕ್ದೆ. ಕರೆದ್ರೆ ಬರೋರು ಯಾರೂ ಇರ್ಲಿಲ್ವಲ್ಲ."

"ಈಗ?"

"ಈಗ್ಲೂ ಒಂದೊಂದ್ಸಲ ನಡುಗುತ್ತೆ. ಅವ್ಳಿಗೆ ಅದು ತೊಟ್ಲು ತೂಗ್ದಂಗೆ ಆಗುತ್ತೋ ಏನೋ, ನಗ್ತಾಳೆ."

ಬಿಸಿಲು ಇಳಿಯುತ್ತಿತ್ತು. ಇನ್ನೂ ಕೂರಲಿ, ರಾತ್ರಿ ಊಟ ಮಾಡಿಕೊಂಡು ಹೋಗಲಿ ಅಂತ ನನ್ನ ಮನಸ್ಸು. ಎಂದೂ ಮಾಡದ ಅಪಚಾರ ಮಾಡಿದೆ. ಬಾಗಿಲ ಕಡೆ ಕತ್ತು ಚಾಚಿ ನೆಂಟರ ಚಪ್ಪಲಿ ನೋಡಿದೆ. ಅವಳದು ಮನೆಯ ಕಡೆಯೇ ಇತ್ತು, ಒಂದು ಕೂದಲಷ್ಟೂ ಅಲ್ಲಾಡಿರಲಿಲ್ಲ. ಅಬ್ಬ ಅಂದುಕೊಂಡೆ. ಅಷ್ಟರಲ್ಲಿ ನೀಲ ಲೋಟ ತೊಳೆದು ಬೋರಲು ಹಾಕಿ, ಬುಡ್ಡಿಯನ್ನು ಸೊಂಟಕ್ಕೇರಿಸಿಕೊಂಡು, "ಹೋಗಿ ಬರ್ತೀನಿ ಚಿಕ್ಕಮ್ಮ, ಬುಡ್ಡಿಗೆ ಸಂಜೆ ನೀರು ಹಾಕ್ಬೇಕು" ಅಂದಳು.

"ಅಯ್ಯೋ, ಇಷ್ಟು ಬೇಗ್ನೆ?" ಅಂದೆ. ಮರ್ಯಾದೆಗೆ ಅಂದದ್ದಲ್ಲ. ಅಷ್ಟಕ್ಕೇ ಬಿಡಲೂ ಇಲ್ಲ. "ಇನ್ನೂ ತಿರುಗೇ ಇಲ್ವಲ್ಲೇ" ಅಂದುಬಿಟ್ಟೆ.

"ತಿರುಗೋವರ್ಗೂ ಯಾಕೆ ಕಾಯ್ಬೇಕು?" ಅಂದಳು ನನ್ನ ಅಕ್ಕನ ಮಗಳು.

ಅವಳು ಮೆಟ್ಟಿಲ ಹತ್ತಿರ ಹೋಗಿ, ಸೊಂಟದ ಮೇಲಿನ ಮಗುವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಬಗ್ಗಿದಳು. ನಾಲ್ಕು ತಿಂಗಳು ನನ್ನ ಚಪ್ಪಲಿಯನ್ನು ಮನೆಯ ಕಡೆ ತಿರುಗಿಸಿದ ಅದೇ ಕೈಯಿಂದ ತನ್ನ ಚಪ್ಪಲಿಯನ್ನು, ಒಂದಾದ ಮೇಲೆ ಒಂದು, ಬೀದಿಯ ಕಡೆ ತಿರುಗಿಸಿಕೊಂಡಳು. ಹಾಕಿಕೊಂಡು ಹೊರಟಳು. ಅವಳು ಬೀದಿಯ ತಿರುವು ದಾಟುವವರೆಗೂ ನಾನು ಬಾಗಿಲಲ್ಲಿ ನಿಂತಿದ್ದೆ. ತಡೆಯಲಿಲ್ಲ.